ಚಾವಣಿಯ ವಿಭೂತಿ

"ಒಂದ್ಸಲ ಕುಯ್ದ್ಮೇಲೆ ಮತ್ತೆ ಬೇಕು ಅಂದ್ರೆ ಆಗಲ್ಲ ಬಸಮ್ಮಕ್ಕ, ಈಗ್ಲೇ ಹೇಳ್ಬುಡಿ," ಎಂದ ಉದಯಗಿರಿಯ ಮೆಕ್ಯಾನಿಕ್ ಮುನೀರ್.

ಬಸಮ್ಮನವರ ಗಂಡ, ತೀರಿಹೋದ ರುದ್ರಸ್ವಾಮಿಯವರ ಹಳೇ ಲಾರಿಗೆ ಅವನು ಮತ್ತೆ ಜೀವ ಕೊಟ್ಟಿದ್ದ. ಇನ್ನು ಕ್ಯಾಬಿನ್ನಿನ ಚಾವಣಿ ತೆಗೆಯುವುದಷ್ಟೇ ಬಾಕಿ. "ಒಂದಿನ ಇದರ ಟಾಪ್ ತೆಗೆಸಿ, ನಿಂಗೆ ಆಕಾಶ ತೋರಿಸ್ಕೊಂಡು ಬೆಟ್ಟ ಹತ್ತಿಸ್ತೀನಿ ಕಣೇ" ಎಂದು ರುದ್ರಸ್ವಾಮಿ ಹೇಳುತ್ತಲೇ ಹೋಗಿಬಿಟ್ಟರು. ಆದರೆ ದಿನಾ ಬೆಳಗ್ಗೆ ವಿಭೂತಿ ಧರಿಸಿದ ಬೆರಳನ್ನು ಅವರು ಒರೆಸುತ್ತಿದ್ದದ್ದೂ ಸೀಟಿನ ಮೇಲಿನ ಅದೇ ಚಾವಣಿಗೆ. ಆ ಬಿಳಿ ಗುರುತು ಇನ್ನೂ ಇತ್ತು.

"ಅಷ್ಟು ಜಾಗಕ್ಕೆ ನಾನು ಪೇಂಟೂ ಹೊಡೀಲಿಲ್ಲ ಕಣಕ್ಕ. ಹಿಂಗೇ ಬುಟ್ಬುಡಣ್ವಾ?"

"ಗುರುತು ಉಳಿಸ್ಕೊಂಡು ಅವರ ಮಾತು ಕಳೀಲೇನಪ್ಪ? ಕುಯ್ದ್ಬುಡು."

ಮುನೀರ್ ಕಟರ್ ಎತ್ತಿಕೊಂಡ. ಬಸಮ್ಮ ಅವನನ್ನು ತಡೆದು ಕ್ಯಾಬಿನ್ ಹತ್ತಿದರು. ಆ ಗುರುತಿನ ಮೇಲೆ ಮೂರು ಬೆರಳು ಎಳೆದು, ಹಣೆಗೆ ಹಚ್ಚಿಕೊಂಡು ಕೆಳಗಿಳಿದರು.