ಬಳಿದಿಟ್ಟ ಬಟ್ಟಲು

ಇದೇನು ಬಣ್ಣ, ಮೀನಿಗೆ ಇಂಥ ಗುಲಾಬಿ ಬಣ್ಣ ಇರುತ್ತದಾ, ತಲೆಯಿಲ್ಲ, ಬಾಲವಿಲ್ಲ, ಕಿವಿರು ಎತ್ತಿ ನೋಡಿ ತಾಜಾವೋ ಹಳಸಲೋ ಎಂದು ಹೇಳುವ ಹಾಗೂ ಇಲ್ಲ, ಪ್ಲಾಸ್ಟಿಕ್ಕಿನೊಳಗೆ ಸೋಪಿನ ಹಾಗೆ ಮಲಗಿದೆ, ಸಾಲ್ಮನ್ ಅಂತೆ, ಇದನ್ನು ತಿಂದು ಇವರು ಬಟ್ಟಲು ಬಳಿದರಂತೆ — ಅಂತೆ ಏನು ಬಂತು, ಫೋಟೋವೇ ಉಂಟಲ್ಲ, ಮನೆಯವರ ವಾಟ್ಸಪ್ ಗುಂಪಿನಲ್ಲಿ ಇಡೀ ಕುಂದಾಪುರಕ್ಕೆ ಕಾಣುವ ಹಾಗೆ ಶರ್ಮಿಳಾ ಹಾಕಿದ್ದಾಳಲ್ಲ, ಬಿಳಿ ಬಟ್ಟಲು, ಒಳಗೆ ಏನೂ ಇಲ್ಲ, ತಳದ ಕೆನೆಯ ಮೇಲೆ ನಾಲ್ಕು ಬೆರಳಿನ ಗೆರೆ, ಪಕ್ಕದಲ್ಲಿ ಇವರ ಹವಳದ ಉಂಗುರ, ಕೆಳಗೆ ಬರಹ ಬೇರೆ, ಭಾವ ನನ್ನ ಸಾಲಡ್ ಬಳಿದು ತಿಂದರು, ಮುಂದೆ ಮೂರು ನಗುವ ಮುಖ. ಸಂಭಾಜಿನಗರದ ನಮ್ಮ ಇನ್ನೊಂದು ಹೋಟೆಲ್ ನೋಡಿಕೊಳ್ಳುವವನು ಮೈದುನ ಗುರುಪ್ರಸಾದ, ಅವನ ಹೆಂಡತಿ ಅವಳು, ತಿಂಗಳಿಗೆರಡು ಸಲ ಇವರು ಆ ಹೋಟೆಲಿಗೆ ಹೋದಾಗ ಊಟಕ್ಕೆ ಹಾಕುವುದು ಅವಳ ಧರ್ಮ, ಹಾಕಲಿ, ನಾನು ಬೇಡವೆಂದೆನಾ, ಆದರೆ ಖಾಲಿ ಬಟ್ಟಲಿನ ಫೋಟೋ ಯಾಕೆ, ಅದು ಯಾರು ನೋಡಲಿ ಎಂದು ಹಾಕಿದ್ದು, ನನಗೆ ಗೊತ್ತಾಗುವುದಿಲ್ಲವಾ.

ಕಿಟಕಿ ಮುಚ್ಚಿದೆನಾ, ಮುಚ್ಚಿದ್ದೇನೆ, ಊದುಬತ್ತಿ ಹಚ್ಚಿದ್ದೇನೆ, ಕೆಳಗೆ ನಮ್ಮದೇ ಹೋಟೆಲಿನ ಬೋರ್ಡಿನಲ್ಲಿ ಶುದ್ಧ ಶಾಕಾಹಾರಿ ಎಂದು ಆನೆ ಗಾತ್ರದ ಅಕ್ಷರ, ಎದುರಿಗೆ ಭಟ್ಟರ ಮನೆ, ನಾಶಿಕ್ಕಿನ ಪಂಚವಟಿಯ ಈ ಓಣಿಯಲ್ಲಿ ಮೀನು ಹುರಿಯುವುದೆಂದರೆ ಕಳ್ಳತನಕ್ಕೆ ಸಮ, ಬುಧವಾರ ಮಾತ್ರ, ಅದೂ ಹೋಟೆಲ್ ಮುಚ್ಚಿರುವ ಮೂರರಿಂದ ಐದರವರೆಗೆ, ತಿಂದ ಮೇಲೆ ಇವರು ನಿಂಬೆ ಸಿಪ್ಪೆಯಿಂದ ಕೈ ತಿಕ್ಕಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಇಳಿಯುವುದು. ಇಪ್ಪತ್ತೆಂಟು ವರ್ಷ ಹೀಗೆ ಕದ್ದು ಹುರಿದು ಹಾಕಿದವಳು ನಾನು, ಬಂಗುಡೆ, ಕಾಣೆ, ಅಂಜಲ್, ಮುಂಬೈಯಿಂದ ಐಸಿನಲ್ಲಿ ಬಂದದ್ದನ್ನು ತೊಳೆದು ತೊಳೆದು ಕೈ ಮರಗಟ್ಟಿಸಿಕೊಂಡವಳು, ಹೇಗಿದೆ ಎಂದರೆ ಇವರದು ಒಂದೇ ಮಾತು, ಅಡ್ಡಿಲ್ಲ. ಅಷ್ಟೇ. ಹೊಸ ಸೀರೆ ಉಟ್ಟರೂ ಅಡ್ಡಿಲ್ಲ, ಪೂಜಿತಾ ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಗುವಿನ ಮುಖ ನೋಡಿಯೂ ಅಡ್ಡಿಲ್ಲ. ಹೋದ ಸಲ ಸಂಭಾಜಿನಗರದಿಂದ ಬಂದು ಚಪ್ಪಲಿಯನ್ನೂ ಬಿಡದೆ ಏನಂದರು, ಶರ್ಮಿಳಾ ಎಂತದೋ ಒಂದು ಸಾಲಡ್ ಮಾಡಿದ್ಲ್ ಮಾರಾಯ್ತಿ, ಭಾರಿ ಲಾಯ್ಕ್ ಇತ್. ಲಾಯ್ಕ್! ಚೆನ್ನಾಗಿದೆ ಎನ್ನುವ ಆ ಶಬ್ದ ಇವರ ಬಾಯಲ್ಲಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ, ಎಲ್ಲಿ ಅಡಗಿಸಿಟ್ಟಿದ್ದರೋ, ಯಾರಿಗೆಂದು.

ಮತ್ತೆ ಬಳಿಯುವುದು ಬೇರೆ, ನನ್ನ ಕೈಯಡುಗೆಯನ್ನು ಇವರು ಒಂದು ದಿನ ಪೂರ್ತಿ ತಿಂದಿದ್ದುಂಟಾ, ಪ್ರತಿ ಬುಧವಾರ ತಟ್ಟೆಯ ಅಂಚಿನಲ್ಲಿ ಒಂದು ತುಂಡು ಹಾಗೇ ಬಿಟ್ಟು ಏಳುತ್ತಾರೆ, ಅದೂ ನಡುತುಂಡು, ಮುಳ್ಳು ಕಡಿಮೆ ಇರುವ ಒಳ್ಳೇ ತುಂಡು, ಗಂಡ ಉಂಡ ತಟ್ಟೆಯಲ್ಲೇ ಉಣ್ಣಬೇಕು ಎಂದು ಅತ್ತೆ ಕುಸುಮಾವತಿ ಹೇಳಿಕೊಟ್ಟಂತೆ ನಾನು ಅದೇ ತಟ್ಟೆಗೆ ಅನ್ನ ಬಡಿಸಿಕೊಂಡು ಕುಳಿತಾಗ ಆ ತುಂಡು ನನ್ನನ್ನೇ ನೋಡುತ್ತಿರುತ್ತದೆ, ಉಪ್ಪು ಜಾಸ್ತಿಯಾಯಿತಾ, ಹುಳಿ ಕಡಿಮೆಯಾಯಿತಾ, ಎಂಥದು ಸೇರಲಿಲ್ಲ ಇವರಿಗೆ, ಕೇಳಿದರೆ ಅಡ್ಡಿಲ್ಲ. ಅಲ್ಲಿ ಮಾತ್ರ ನಾಲ್ಕು ಬೆರಳು ಹಾಕಿ ಬಳಿಯುತ್ತಾರೆ. ಹೊಟ್ಟೆಕಿಚ್ಚು ಎಂದರೆ ಎನ್ನಲಿ, ಹೌದು, ಉರಿಯುತ್ತಿದೆ, ಐವತ್ತೆರಡನೇ ವಯಸ್ಸಿನಲ್ಲಿ ಒಂದು ಬಟ್ಟಲಿಗೆ ಉರಿಯುತ್ತಿದೆ, ಏನು ಮಾಡಲಿ.

ಇವರ ಫೋನ್ ಬಂದದ್ದು ಎಷ್ಟು ಹೊತ್ತಿಗೆ, ಎರಡೂವರೆಗೆ, ಹೆಣ್ಣೇ ಎನ್ನುವುದಕ್ಕೆ ಊರಿನ ಬಾಯಲ್ಲಿ ಹೆಣೇ, ರೈಲು ಮನ್ಮಾಡ್ ದಾಟ್ತ್, ಊಟ ಆಯ್ಲಿಲ್ಲೆ, ಎಂತಾರೂ ಮಾಡಿಡ್. ಯಾಕೆ, ಅವಳು ಸಾಲಡ್ ಮಾಡಲಿಲ್ಲವಾ ಇವತ್ತು, ಎಂದು ತುಟಿಗೆ ಬಂದದ್ದನ್ನು ನುಂಗಿಕೊಂಡೆ. ಮನ್ಮಾಡಿನಿಂದ ಒಂದು ತಾಸು, ನಾಶಿಕ್ ರೋಡಿನಿಂದ ರಿಕ್ಷಾಕ್ಕೆ ಅರ್ಧ ತಾಸು, ಆಗುತ್ತದೆ, ಮಾಡುತ್ತೇನೆ, ಅವಳು ಹೇಳಿದ ಹಾಗೇ ಮಾಡುತ್ತೇನೆ, ನಾಚಿಕೆ ಬಿಟ್ಟು ಕೇಳಿದೆನಲ್ಲ ಅವಳನ್ನೇ, ಎಷ್ಟು ಸಿಹಿಯಾಗಿ ಧ್ವನಿ ಕಳಿಸಿದ್ದಾಳೆ, ಅಕ್ಕಾ, ತುಂಬಾ ಈಸಿ, ಮೀನಿಗೆ ಉಪ್ಪು, ಕಾಳುಮೆಣಸು, ನಿಂಬೆ ಮಾತ್ರ, ಬೇರೆ ಏನೂ ಹಾಕಬೇಡಿ ಅಕ್ಕಾ, ನಮ್ಮ ಊರಿನ ಅಭ್ಯಾಸ ಬಿಟ್ಟುಬಿಡಿ, ಬೇಯಿಸಿ ಬಿಡಿಸಿ, ನೀರು ಸೋಸಿದ ಗಟ್ಟಿ ಮೊಸರು, ಮಯೋನೀಸ್, ಕೆನೆ, ಸೌತೆಕಾಯಿ, ಈರುಳ್ಳಿ, ಸಬ್ಬಸಿಗೆ, ಫ್ರಿಜ್ಜಿನಲ್ಲಿ ಹತ್ತು ನಿಮಿಷ, ಅಷ್ಟೇ. ನಮ್ಮ ಊರಿನ ಅಭ್ಯಾಸವಂತೆ, ಇವಳ ಊರು ಯಾವುದು, ಲಂಡನ್ನಾ. ಮಯೋನೀಸ್ ಕೆಳಗಿನ ಹೋಟೆಲಿನದು, ಸ್ಯಾಂಡ್‌ವಿಚ್ಚಿಗೆ ಇಡುವುದು, ಮೊಟ್ಟೆಯಿಲ್ಲದ್ದು, ಸ್ವಲ್ಪ ಸಿಹಿ, ನಡೆಯುತ್ತದೆ, ಈರುಳ್ಳಿ ಚಾಂದವಡದ್ದು, ಕಣ್ಣಲ್ಲಿ ನೀರು ಬಂತು, ಈರುಳ್ಳಿಗೇ ಬಂದದ್ದು, ಸಬ್ಬಸಿಗೆ ತೊಳೆದೆ, ಮೀನು ತೊಳೆದೆ, ಉಪ್ಪು —

ಅಮ್ಮಾ! ಹಳದ್ ಕಶಾಲಾ ಘಾತಲೀಸ್? ಬಾಗಿಲಲ್ಲಿ ಪೂಜಿತಾ, ಸಾಲ್ಮನ್ ತಂದುಕೊಟ್ಟವಳು ಅವಳೇ, ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವ ಮಗಳು, ಅರಿಶಿನ ಯಾಕೆ ಹಾಕಿದೆ ಎನ್ನುತ್ತಿದ್ದಾಳೆ, ಯಾರು ಹಾಕಿದ್ದು, ನಾನಾ — ಕೈ ನೋಡಿಕೊಂಡೆ, ಬೆರಳೆಲ್ಲ ಹಳದಿ, ಮೀನೆಲ್ಲ ಹಳದಿ, ಉಪ್ಪಿನ ಹಿಂದೆಯೇ ಕೈ ತಾನಾಗಿ ಅರಿಶಿನದ ಡಬ್ಬಿಗೆ ಹೋಗಿ ತಿಕ್ಕಿಬಿಟ್ಟಿದೆ, ಕರಾವಳಿಯ ಹೆಂಗಸಿನ ಕೈಗೆ ಹಸಿ ಮೀನು ಸಿಕ್ಕಿದರೆ ಅದು ಯಾರ ಮಾತು ಕೇಳುತ್ತದೆ. ತೊಳೆದೆ, ಮತ್ತೆ ತೊಳೆದೆ, ಗುಲಾಬಿ ಬರಲಿಲ್ಲ. ಸಾಲ್ಮನ್‌ಚಾ ಢೋಕಳಾ ಕೇಲಾಸ್, ಸಾಲ್ಮನ್ನನ್ನು ಹಳದಿ ಢೋಕಳಾ ಮಾಡಿಬಿಟ್ಟೆ ಎಂದು ನಕ್ಕು ಕ್ಲಾಸಿಗೆ ಹೋದಳು. ನಗಲಿ. ಬೇಯಿಸಿದೆ, ಬಿಡಿಸಿದೆ, ಕಲಸಿದೆ, ಬಿಳಿ ಕೆನೆಯೆಲ್ಲ ತಿಳಿ ಹಳದಿ, ಅವಳ ಫೋಟೋದಲ್ಲಿ ಹಾಲಿನಂಥ ಬಿಳುಪು, ನನ್ನದು ಯಾವುದೋ ಹಲ್ವದ ಹಿಟ್ಟು, ಚೆಲ್ಲಿಬಿಡಲಾ, ಬಂಗುಡೆಯೂ ಇಲ್ಲ ಇವತ್ತು, ಚೆಲ್ಲಿದರೆ ಅನ್ನ ಸಾರು, ಇವರು ಒಂದು ತುಂಡು ಬಿಟ್ಟರೆ ಬಿಡಲಿ, ಇವತ್ತು ಬಿಟ್ಟರೆ ಮಾತ್ರ ಮುಂದೆ ಈ ಮನೆಯಲ್ಲಿ ಮೀನು ಮಾಡುವುದಿಲ್ಲ, ದೇವರಾಣೆ, ಬೇಕಾದವರು ಸಂಭಾಜಿನಗರಕ್ಕೆ ಹೋಗಿ ತಿನ್ನಲಿ. ಇದ್ದುದರಲ್ಲಿ ಬಿಳಿ ಬಟ್ಟಲು ಹುಡುಕಿದೆ, ತುದಿ ಸ್ವಲ್ಪ ಒಡೆದದ್ದು, ಒಡೆದ ಬದಿ ಗೋಡೆಯ ಕಡೆಗೆ ತಿರುಗಿಸಿಟ್ಟೆ.

ರಿಕ್ಷಾ ನಿಂತ ಸದ್ದು, ಮೆಟ್ಟಿಲಲ್ಲಿ ಇವರ ಭಾರದ ಹೆಜ್ಜೆ, ಕಾಲು ತೊಳೆದರು, ಕುಳಿತರು, ಎಂತ ಇದ್, ಎಂದರು, ಸಾಲಡ್, ಎಂದೆ, ಚಮಚ ಇಟ್ಟಿದ್ದೆ, ಮುಟ್ಟಲಿಲ್ಲ, ಕೈಯಲ್ಲೇ ಎತ್ತಿದರು. ಬಾಗಿಲಿಗೆ ಒರಗಿ ನಿಂತಿದ್ದೇನೆ, ನೋಡಬಾರದು, ನೋಡುತ್ತಿದ್ದೇನೆ, ಒಂದು ತುತ್ತು, ಇನ್ನೊಂದು, ತಲೆ ಎತ್ತುತ್ತಿಲ್ಲ, ಹಸಿವಿರಬೇಕು, ಹಸಿದವನಿಗೆ ಎಲ್ಲವೂ ಅಮೃತ, ಅಲ್ಲ, ಬರೀ ಹಸಿವಲ್ಲ ಇದು, ಕಣ್ಣು ಅರೆ ಮುಚ್ಚಿದ್ದಾರೆ, ಇಪ್ಪತ್ತೆಂಟು ವರ್ಷದಲ್ಲಿ ನಾನು ಕಾಣದ ಮುಖ, ಹೆಣೇ, ಅರಿಶಿನ ಹಾಕಿದ್ಯಾ, ಎಂದರು, ಹ್ಞೂಂ, ಎಂದೆ, ಹಾಕ್ಬೇಕ್, ಶರ್ಮಿಳಂದ್ರಲ್ಲಿ ಅದೇ ಕಮ್ಮಿ ಇದ್ದಿತ್, ಇದ್ ಭಾರಿ ಲಾಯ್ಕ್ ಇತ್. ಹೇಳಿದರು! ನನಗೇ ಹೇಳಿದರು, ಲಾಯ್ಕ್, ಅವಳದ್ದಕ್ಕಿಂತ, ಕೇಳಿದೆಯಾ ಶರ್ಮಿಳಾ, ಫೋನ್ ಎಲ್ಲಿಟ್ಟೆ ನಾನು, ಫೋಟೋ ತೆಗೆಯಬೇಕು, ಬಟ್ಟಲು, ಬೆರಳು, ಉಂಗುರ ಎಲ್ಲ ಬರಬೇಕು, ಹಳದಿಯಾದರೆ ಏನಂತೆ, ಬಳಿಯುತ್ತಿದ್ದಾರೆ, ಹೌದು, ನಾಲ್ಕು ಬೆರಳು ಕೂಡಿಸಿ, ತಳದಿಂದ ಅಂಚಿನವರೆಗೆ, ಗೆದ್ದೆ, ಗೆದ್ದೆ ನಾನು. ಎದ್ದರು, ನಿಂಬೆ ಸಿಪ್ಪೆ ತೆಗೆದುಕೊಂಡರು, ಬಚ್ಚಲಿನ ಬಾಗಿಲಿಗೆ ಹೋದವರು ತಿರುಗಿದರು, ಮುಖ ಸಣ್ಣಗಾಗಿದೆ, ತಪ್ಪು ಮಾಡಿದವರ ಹಾಗೆ, ಅಯ್ಯೋ, ನಿನ್ ತುಂಡು ಇಡೂಕೆ ಮರ್ತೇ ಹೋಯ್ತ್ ಕಾಣ್. ಬಾಗಿಲು ಹಾಕಿಕೊಂಡಿತು, ನೀರಿನ ಸದ್ದು. ನನ್ನ ತುಂಡು. ಏನೆಂದರು, ನನ್ನ ತುಂಡು ಎಂದರಾ, ನಡುತುಂಡು, ಮುಳ್ಳಿಲ್ಲದ್ದು, ಪ್ರತಿ ಬುಧವಾರ, ನನ್ನ — ಅಲ್ಲಿ ಅವಳ ಮನೆಯಲ್ಲಿ ಯಾರಿಗೆಂದು ಇಡಬೇಕಿತ್ತು, ಯಾರಿಗೂ ಇಲ್ಲ, ಅದಕ್ಕೇ ಬಳಿದರು, ಮತ್ತೆ ಇಲ್ಲಿ, ಈಗ — ಕೈಯಲ್ಲಿ ಬಟ್ಟಲು, ಅಂಚು ತಿರುಗಿಸಿ ನೋಡುತ್ತೇನೆ, ಒಡೆದ ಬದಿ, ಈ ಬದಿ, ಎಲ್ಲಿಯೂ ಇಲ್ಲ, ತಳದಲ್ಲಿ ತೆಳ್ಳಗೆ ಹಳದಿ ಕೆನೆ, ಅದರ ಮೇಲೆ ನಾಲ್ಕು ಬೆರಳಿನ ಗೆರೆ, ನಾಲ್ಕು ಗೆರೆ