ಸಾಧ್ಯವಿದ್ದಲ್ಲಿ

ಮಂತ್ರಿಗಳ ಬೋಳುತಲೆಯ ಮೇಲೆ ನೀಲಿ ಬೆಳಕಿನ ಚೂರೊಂದು ಬಂದು ಕೂತಿದೆ, ಗುಮ್ಮಟದ ಬಣ್ಣದ ಗಾಜಿನಿಂದ ಇಳಿದದ್ದು, ಅವರು ಹಾಳೆ ಮಗುಚಿದಾಗ ಕಿವಿಯತ್ತ ಜಾರುತ್ತದೆ, ತಲೆಯೆತ್ತಿದರೆ ಮತ್ತೆ ನೆತ್ತಿಗೇರುತ್ತದೆ, ಆ ಬೆಳಕಿಗೇನು, ಅದು ಯಾವುದನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ — ಕೇಳಿಸಿಕೊಳ್ಳಬೇಕಾದವಳು ಎರಡನೇ ಸಾಲಿನ ಈ ಶಾಸಕಿ, ಅವಳಿಗೋ ನೀರಿನೊಳಗೆ ಕೂತಂತಾಗಿದೆ, ಮಾತುಗಳು ಗುಳ್ಳೆಗಳಾಗಿ ಮೇಲೇರುತ್ತಿವೆ, ಮಕ್ಕಳ ಮಾನಸಿಕ ಆರೋಗ್ಯ ವಿಧೇಯಕ, ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಮಕ್ಕಳಿಗೆಂದೇ ಒಬ್ಬ ಮನೋವೈದ್ಯರು, ಪ್ರತಿ ಶಾಲೆಯಲ್ಲೂ ಮಕ್ಕಳ ಮಾತು ಕೇಳುವುದಕ್ಕೆಂದೇ ಒಬ್ಬ ಆಪ್ತಸಲಹೆಗಾರರು, ಇಲ್ಲಿಯವರೆಗೆ ಚೆನ್ನಾಗಿದೆ, ಆಮೇಲೆ ಬರುತ್ತದೆ ಆ ಪದ, ಮೊದಲ ಕರಡಿನಲ್ಲಿ ಇಲ್ಲದ್ದು, ಯಾವ ಕೋಣೆಯಲ್ಲಿ ಯಾರ ಬಾಯಿಂದ ಹುಟ್ಟಿತೋ, ಸಾಧ್ಯವಿದ್ದಲ್ಲಿ. ಎಷ್ಟು ಮೆತ್ತಗಿದೆ, ಹತ್ತಿಯ ಹಾಗೆ, ಕಿವಿಗೆ ತುರುಕಿಕೊಂಡರೆ ಊರೇ ಹೊತ್ತಿ ಉರಿದರೂ ಕೇಳಿಸುವುದಿಲ್ಲ. ಮೇಜಿನಡಿಯಲ್ಲಿ ಅವಳ ಬಲಗಾಲು ಕಾರ್ಪೆಟ್ಟನ್ನು ಒತ್ತುತ್ತಿದೆ, ರಾಜಕೀಯಕ್ಕೆ ಬರುವ ಮುಂಚೆ ಡ್ರೈವಿಂಗ್ ಸ್ಕೂಲ್ ನಡೆಸಿದವಳ ಕಾಲು ಅದು, ಕಲಿಯುವವರ ಪಕ್ಕದ ಸೀಟಿನಡಿಯಲ್ಲೂ ಒಂದು ಬ್ರೇಕ್ ಇರುತ್ತದೆ, ಎಷ್ಟು ಜನರನ್ನು ಅದು ಗೋಡೆಯಿಂದ, ಎಮ್ಮೆಯಿಂದ, ಒಮ್ಮೆ ಅವರ ಸ್ವಂತ ಅತ್ತೆಯಿಂದ ಕಾಪಾಡಿದೆಯೋ — ನಗು ಬರುತ್ತದೆ, ನುಂಗಿಕೊಳ್ಳುತ್ತಾಳೆ — ಆದರೆ ಮನೆಯಲ್ಲಿ, ಮಗಳ ಪಕ್ಕ ಕೂತಾಗ, ಅದೇ ಕಾಲು ತಡಕಾಡುತ್ತದೆ, ಬರೀ ನೆಲ ಸಿಗುತ್ತದೆ.

ಮಗಳು ಮಾತು ನಿಲ್ಲಿಸಿದ್ದು ಒಂದೇ ಸಲಕ್ಕಲ್ಲ, ಮನೆ ಖಾಲಿ ಮಾಡುವವರು ಒಂದೊಂದೇ ಸಾಮಾನು ಸಾಗಿಸುವ ಹಾಗೆ, ಮೊದಲು ಗೆಳತಿಯರ ಜೊತೆಗಿನ ಮಾತು ಹೋಯಿತು, ಆಮೇಲೆ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಆಡುತ್ತಿದ್ದದ್ದು, ಆಮೇಲೆ ಊಟದ ಹೊತ್ತಿನದು, ಕೊನೆಗೆ ಹೊಟ್ಟೆನೋವು ಅನ್ನುವ ಒಂದು ಪದ ಉಳಿಯಿತು, ಅದೂ ಸ್ಕೂಲಿನ ಬಸ್ಸು ಬರುವ ಹೊತ್ತಿಗೆ. ಮುದ್ದು ಜಾಸ್ತಿ ಆಯ್ತು ಕಣಮ್ಮ, ನಾಲ್ಕು ದಿನ ಸುಮ್ಮನೆ ಬಿಡು, ತಾನೇ ದಾರಿಗೆ ಬರ್ತಾಳೆ, ಅತ್ತೆ ಅಂದರು, ಪಾಪ ಅವರೇ ರಾತ್ರಿಯೆಲ್ಲ ಮೊಮ್ಮಗಳ ಕಾಲು ನೀವುತ್ತಾ ಕೂರುತ್ತಿದ್ದರು. ಗಂಡ ಬಾಗಿಲು ಹಾಕಿ ಬಂದು ದನಿ ತಗ್ಗಿಸಿದ, ವಯಸ್ಸು ಅಷ್ಟೇ, ಊರಿಗೆಲ್ಲ ಡಂಗುರ ಹೊಡೀಬೇಡ, ನಾಳೆ ಅವಳಿಗೇ ತೊಂದ್ರೆ. ಹೊಡೆಯಲಿಲ್ಲ. ಕಾರಿನ ಗಾಜು ಏರಿಸಿಕೊಂಡು ಆಸ್ಪತ್ರೆಗೆ ಹೋದಳು, ಹೊರಗೆ ರಸ್ತೆಯ ಡಾಂಬರು ಬಿಸಿಲಿಗೆ ಮೆತ್ತಗಾಗಿತ್ತು, ಒಳಗೆ ಉದ್ದನೆಯ ಪಡಸಾಲೆ, ಗೋಡೆಯ ಮೇಲೆ ಕುಡಿತ ಬಿಡಿ ಎನ್ನುವ ಚಿತ್ರ, ಕುರ್ಚಿಗಳೆಲ್ಲ ದೊಡ್ಡವರ ಅಳತೆಯವು, ತಮ್ಮೊಂದಿಗೆ ತಾವೇ ಜಗಳವಾಡುತ್ತಿದ್ದ ಮುದುಕರೊಬ್ಬರು, ಗೋಡೆಗೆ ಹಣೆಯೊತ್ತಿ ನಿಂತ ಯುವಕ, ಅವರ ನಡುವೆ ಮಗಳು. ಮಕ್ಕಳಿಗೆ ಅಂತ ಬೇರೆ ವಿಭಾಗ ಇಲ್ಲಮ್ಮ, ನರ್ಸ್ ತಲೆಯೆತ್ತದೆ ಹೇಳಿದಳು, ಮಕ್ಕಳನ್ನ ನೋಡೋ ಡಾಕ್ಟ್ರು ಒಬ್ರೇ, ಚಳಿಗಾಲದಲ್ಲಿ ಬನ್ನಿ. ಚಳಿಗಾಲ! ಅವಳ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಕಿಟಕಿಯ ಹತ್ತಿರ ಹೋಗಿ ಒಂದು ಫೋನ್ ಮಾಡಿದಳು, ಒಂದೇ ಒಂದು, ತಾನು ಯಾರೆಂದು ಹೇಳಿದಳು, ಯಾರೋ ತಂದುಕೊಟ್ಟ ಟೀ ಆರುವ ಮುಂಚೆ ಬಾಗಿಲು ತೆರೆಯಿತು, ಒಳಗೆ ಬನ್ನಿ ಮೇಡಂ, ಮೊದಲೇ ಹೇಳಬಾರದಿತ್ತೆ. ಆ ಡಾಕ್ಟರಮ್ಮ ಒಳ್ಳೆಯವರು, ವಾರವಾರವೂ ಮಗಳ ಜೊತೆ ಮಣ್ಣಿನ ಗೊಂಬೆ ಮಾಡುತ್ತಾ ಕೂರುತ್ತಾರೆ, ಈಗ ಒಂದೊಂದೇ ಮಾತು ವಾಪಸು ಬರುತ್ತಿದೆ, ಬೇಕು, ಬೇಡ, ಸಾಕು, ಹೂಂ.

ಬೆನ್ನ ಹಿಂದೆ ಪುದೀನ ವಾಸನೆ, ಪಕ್ಷದ ಸಚೇತಕರು ಬಾಗಿದ್ದಾರೆ, ಮೇಡಂ ಎದ್ದೇಳಬೇಡಿ, ಮೊದಲು ಪಾಸಾಗ್ಲಿ, ತಿದ್ದೋದು ಇದ್ದೇ ಇದೆ, ನಮ್ಮವರೇ ತಕರಾರು ತೆಗೆದ್ರೆ ಎದುರುಗಡೆಯವರಿಗೆ ಹಾಲು ಕುಡಿದಷ್ಟು ಸಂತೋಷ. ಇದ್ದೇ ಇದೆ, ಹೌದು, ಚಳಿಗಾಲವೂ ಇದ್ದೇ ಇತ್ತು. ಬೆಳಿಗ್ಗೆ ಮಗಳ ಜಡೆ ಹೆಣೆಯುತ್ತಾ ಕೇಳಿದ್ದಳು, ನಿನ್ನ ವಿಷಯ ಅಲ್ಲಿ ಹೇಳಲಾ ಪುಟ್ಟಾ, ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು, ಕನ್ನಡಿಯೊಳಗಿನ ಮುಖ ಅಂದಿತು, ನಿನ್ನಿಷ್ಟ. ಅದು ಹೂಂ ಎಂದಾಯಿತೇ, ಬೇಡ ಎಂದಾಯಿತೇ, ದಾರಿಯುದ್ದಕ್ಕೂ ಆ ಪದವನ್ನು ಮಗುಚಿ ಮಗುಚಿ ನೋಡಿದಳು — ಈಗ ಮೈಕಿನ ಕೆಂಪು ದೀಪ ಹತ್ತಿದೆ, ಅಂದರೆ ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳು, ಮಾನ್ಯ ಅಧ್ಯಕ್ಷರೇ, ಆ ಪದವನ್ನು ತೆಗೆಯಬೇಕು, ಎರಡೂ ಕಡೆ, ಆಸ್ಪತ್ರೆಗೂ ಶಾಲೆಗೂ. ಎದುರು ಸಾಲಿನಿಂದ ಯಾರೋ, ನಿಮ್ಮ ಸರ್ಕಾರನೇ ಬರೆದಿದ್ದಲ್ವೇನ್ರೀ! ನಗು, ಮೇಜು ಕುಟ್ಟುವ ಸದ್ದು. ನನ್ನ ಮಗಳು, ಅಂದಳು. ಮೈಕನ್ನು ಹತ್ತಿರಕ್ಕೆ ಬಾಗಿಸಿಕೊಂಡಳು, ಸಭೆ ಕಾಯಿತು, ನೀಲಿ ಬೆಳಕೂ ಅಲ್ಲಾಡದೆ ನಿಂತಿತು, ನನ್ನ ಮಗಳು ಮಾತಾಡುವುದನ್ನು ನಿಲ್ಲಿಸಿದಳು, ಚಳಿಗಾಲದಲ್ಲಿ ಬನ್ನಿ ಅಂದರು, ನಾನು ಶಾಸಕಿ, ಫೋನ್ ಮಾಡಿದೆ, ಬಾಗಿಲು ತೆರೆಯಿತು, ಫೋನ್ ಮಾಡಲಾಗದವರಿಗೆ ನಿಮ್ಮ ಈ ಪದ ಬಾಗಿಲು ತೆರೆಯುತ್ತದೆಯೇ? ಮಂತ್ರಿಗಳು ಕನ್ನಡಕ ತೆಗೆದರು, ಪಕ್ಕದ ಅಧಿಕಾರಿಯ ಕಡೆ ಬಾಗಿದರು, ಪಿಸುಪಿಸು, ಮತ್ತೆ ಪಿಸುಪಿಸು, ಆಸ್ಪತ್ರೆಯ ಮಟ್ಟಿಗೆ ಒಪ್ಪುತ್ತೇನೆ, ಶಾಲೆಗಳ ವಿಷಯದಲ್ಲಿ ಸದ್ಯಕ್ಕೆ ಕಷ್ಟ. ಒಂದು ಕಡೆ ಪದ ಹೋಯಿತು, ಇನ್ನೊಂದು ಕಡೆ ಉಳಿಯಿತು, ವಿಧೇಯಕ ಪಾಸಾಯಿತು, ಎದುರು ಸಾಲಿನವರೂ ಮೇಜು ಕುಟ್ಟಿದರು, ಸಚೇತಕರು ಮಾತ್ರ ಅವಳ ಮುಖ ನೋಡದೆ ದಾಟಿಹೋದರು.

ಹೊರಗಿನ ಕಂಬಸಾಲಿನಲ್ಲಿ ಗಾಳಿ, ಫೋನಿನಲ್ಲಿ ಅತ್ತೆ, ಟಿವಿಯಲ್ಲಿ ನೋಡಿದ್ವಿ ಕಣೇ, ಇರು, ಇವಳೇ ಕಿತ್ಕೊಳ್ತಿದ್ದಾಳೆ — ಆಮೇಲೆ ಉಸಿರು, ಬರೀ ಉಸಿರು, ಕೋಪವಿರಬಹುದು, ಅಳುತ್ತಿರಬಹುದು, ಮೆಲ್ಲಗೆ ವಾಪಸು ತಂದಿದ್ದೇನೆ ಅಂದುಕೊಂಡದ್ದನ್ನು ಒಂದೇ ಏಟಿಗೆ ಒಡೆದುಬಿಟ್ಟೆನೇನೋ, ಪುಟ್ಟಾ, ಬೇಜಾರಾಯ್ತಾ? ಅಮ್ಮ, ಅವತ್ತು ಆಸ್ಪತ್ರೇಲಿ ನನ್ನ ಪಕ್ಕ ಒಬ್ಳು ಹುಡುಗಿ ಕೂತಿದ್ಲಲ್ಲ, ಕೆಂಪು ಸ್ವೆಟರ್ ಹಾಕ್ಕೊಂಡಿದ್ಲು, ನಮಗಿಂತ ಮುಂಚೆ ಬಂದಿದ್ಲು, ಅವಳನ್ನ ಒಳಗೆ ಕರೆದ್ರಾ? ಎಷ್ಟು ಉದ್ದನೆಯ ಮಾತು, ಎಷ್ಟು ದಿನಕ್ಕೆ ಇಷ್ಟುದ್ದದ ಮಾತು, ಕುಣಿಯಬೇಕು, ಅತ್ತೆಯನ್ನು ಕೂಗಿ ಕೇಳಿಸಿಕೊಂಡ್ರಾ ಅನ್ನಬೇಕು, ಆದರೆ ಯಾವ ಹುಡುಗಿ? ನೆನಪಿನಲ್ಲೇ ಆ ಪಡಸಾಲೆಗೆ ಮತ್ತೆ ಹೋಗುತ್ತಾಳೆ, ಮುದುಕರಿದ್ದಾರೆ, ಹಣೆಯೊತ್ತಿ ನಿಂತ ಯುವಕನಿದ್ದಾನೆ, ಮಗಳಿದ್ದಾಳೆ, ಮಗಳ ಪಕ್ಕ — ಅಮ್ಮ, ಕರೆದ್ರಾ? — ಮತ್ತೆ ಬಾಗಿಲಿನಿಂದ ಶುರುಮಾಡುತ್ತಾಳೆ, ನರ್ಸ್, ಕಿಟಕಿ, ಟೀ, ಮಗಳ ಪಕ್ಕ ಕೆಂಪು ಏನೋ, ಆ ಸುಡುಬಿಸಿಲಿನಲ್ಲಿ ಕತ್ತಿನವರೆಗೂ ಗುಂಡಿ ಹಾಕಿದ ಉಣ್ಣೆಯ ಸ್ವೆಟರ್, ತೋಳುಗಳು ಮೊಣಕಾಲಿನ ಮೇಲೆ, ಮುಖ ಮಾತ್ರ ಬರುವುದಿಲ್ಲ, ಮತ್ತೆ ಬಾಗಿಲಿನಿಂದ, ಮತ್ತೆ, ಕೆಂಪು ಸ್ವೆಟರ್, ಕತ್ತಿನವರೆಗೂ ಗುಂಡಿ, ಕತ್ತಿನ ಮೇಲೆ ಏನೂ ಇಲ್ಲ, ಕೆಂಪು ಸ್ವೆಟರ್