ತೋರಿಸೋ ಮಶೀನು

"ಕೈ ಜೇಬಲ್ಲಿಟ್ಕೊಳ್ಳೋ ಬೋಳಿಮಗನೇ! ಯಜಮಾನ್ರು ಬರೋ ಹೊತ್ತಿಗೆ ಆ ದರಿದ್ರ ಕೈ ಆಡಿಸ್ಕೊಂಡು ನಿಂತಿದ್ದೀಯಲ್ಲ!"

ಕಂಟ್ರಾಕ್ಟರು ಹಲ್ಲು ಕಚ್ಚಿಕೊಂಡು ಬೈದ. ಎಲ್ಲರೂ 'ಎರಡೂವರೆ' ಅಂತ ಕರೆಯುವ ಗಾರೆಯಾಳು ತನ್ನ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಆ ಕೈಯಲ್ಲಿ ಉಳಿದಿರುವುದು ಹೆಬ್ಬೆರಳು, ತೋರುಬೆರಳು, ಅರ್ಧ ನಡುಬೆರಳು. ಹೆಸರಿಟ್ಟವರು ಜೊತೆಯಲ್ಲಿ ಗಾರೆ ಕಲಸುವವರು, ಮೊದಲು ನಕ್ಕವನು ಅವನೇ. ಹೆಂಡತಿ ಮಾತ್ರ ಇವತ್ತಿನವರೆಗೂ ನಕ್ಕಿಲ್ಲ.

ಮನೆಯ ಯಜಮಾನ ಮೊಬೈಲಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡೇ ಬಂದ. ಹಳೆಯ ಬಚ್ಚಲನ್ನೂ ಅಡುಗೆಮನೆಯನ್ನೂ ಕಿತ್ತು ಹೊಸದು ಮಾಡಿಸಬೇಕಿತ್ತು. ಇಬ್ಬರು ಕಂಟ್ರಾಕ್ಟರುಗಳನ್ನು ಆಗಲೇ ಜಾಲಾಡಿ ವಾಪಸ್ಸು ಕಳಿಸಿದ್ದ, ಇವನು ಮೂರನೆಯವನು. ವರಾಂಡದಲ್ಲಿ ಕುರ್ಚಿಗಳು ಎರಡೇ ಇದ್ದವು. ಎರಡೂವರೆಯೂ ಅವನ ಹೆಂಡತಿಯೂ ಗೇಟಿಗೆ ಒರಗಿ ನಿಂತರು.

"ಕೆಲಸ ಕೆಡಿಸೋರೇ ಜಾಸ್ತಿ ರೀ ಈಗ. ನಾನೆಲ್ಲ ಓದ್ಕೊಂಡಿದ್ದೀನಿ. ಟೈಲ್ಸ್ ಕತ್ತರಿಸೋಕೆ ಯಾವ ಮಶೀನು ಇಟ್ಟಿದ್ದೀರಿ? ಗಾರ್ಡ್ ಇದೆಯಾ?"

ಕಂಟ್ರಾಕ್ಟರು ಕಾರಿನಿಂದ ಡಬ್ಬಿ ತಂದು ಮೇಜಿನ ಮೇಲೆ ಬಿಚ್ಚಿದ. ಕೆಂಪು ಬಣ್ಣದ, ಫಳಫಳ ಅನ್ನುವ ಮಶೀನು. ಬ್ಲೇಡಿನ ಅರ್ಧಕ್ಕೆ ದಪ್ಪ ತಗಡಿನ ಗಾರ್ಡು. ಬ್ಲೇಡು ಎಗರಿದರೆ ಅದಕ್ಕೂ ಕೈಗೂ ನಡುವೆ ಇರುವುದು ಆ ತಗಡೊಂದೇ. ಯಜಮಾನ ತಿರುಗಿಸಿ ಮುರುಗಿಸಿ ನೋಡಿ, ಎಲ್ಲ ಬಲ್ಲವನ ಹಾಗೆ ತಲೆಯಾಡಿಸಿದ.

"ಆಕ್ಸಿಡೆಂಟು ಗೀಕ್ಸಿಡೆಂಟು?"

"ಹದಿನೈದು ವರ್ಷ ಆಯ್ತು ಸಾರ್, ನನ್ನ ಕೈಕೆಳಗೆ ಒಬ್ರಿಗೂ ಒಂದು ಗೀರಾಗಿಲ್ಲ. ಬೇಕಾದ್ರೆ ಇವನನ್ನೇ ಕೇಳಿ."

"ಹೌದೇನಪ್ಪಾ?"

"ಹೌದು ಸಾಮಿ" ಅಂದ ಎರಡೂವರೆ. ಜೇಬಿನೊಳಗೆ ಕೈ ಮಿಸುಕಿದ್ದು ಹೆಂಡತಿಗೆ ಮಾತ್ರ ಕಂಡಿತು.

ಆ ಮಶೀನನ್ನು ಅವಳಷ್ಟು ಬಲ್ಲವರಿಲ್ಲ. ಎರಡು ವರ್ಷದ ಹಿಂದೆ, ಕೆಲಸ ಬೇಗ ಮುಗಿಯಲಿ ಅಂತ ಕಂಟ್ರಾಕ್ಟರು ಅದರ ಗಾರ್ಡು ಕಿತ್ತು ದೊಡ್ಡ ಬ್ಲೇಡು ಹಾಕಿಸಿದ್ದ. ದೊಡ್ಡ ಬ್ಲೇಡಿಗೆ ಗಾರ್ಡು ಹಿಡಿಸುವುದಿಲ್ಲ. ಮೂರನೆಯ ದಿನ ಬ್ಲೇಡು ಕಲ್ಲಿಗೆ ಸಿಕ್ಕಿ ಎಗರಿ ಗಂಡನ ಬೆರಳುಗಳನ್ನು ತೆಗೆಯಿತು. ಮಶೀನು ನೆಲಕ್ಕೆ ಬಿದ್ದು ಮೋಟಾರೂ ಸುಟ್ಟುಹೋಯಿತು. "ಮನೇಲಿ ಸೌದೆ ಸೀಳ್ತಿದ್ದೆ ಅಂತ ಹೇಳು. ಬೇರೆ ಬಾಯಿ ಬಿಟ್ಟೆಯೋ, ಯಾವ ಮನೇಲೂ ನಿನಗೆ ಕೆಲಸ ಸಿಗದ ಹಾಗೆ ಮಾಡ್ತೀನಿ" ಅಂತ ಕಂಟ್ರಾಕ್ಟರು ಆಸ್ಪತ್ರೆಯ ಬಾಗಿಲಲ್ಲೇ ಕಿವಿಯಲ್ಲಿ ಊದಿದ. ಗಂಡ ಡಾಕ್ಟರಿಗೆ ಹಾಗೇ ಹೇಳಿದ.

ಮಶೀನಿನ ಮೇಲಿನ ರಕ್ತ ಒರೆಸಿಸಿದ್ದು ಅವಳ ಕೈಯಲ್ಲೇ. ಆಮೇಲೆ ಬಣ್ಣ ಬಳಿಸಿ, ಸಣ್ಣ ಬ್ಲೇಡು ಸಿಕ್ಕಿಸಿ, ಗಾರ್ಡನ್ನು ಮತ್ತೆ ಕೂರಿಸಿದರು. ಈಗ ಅದು ತೋರಿಸೋ ಮಶೀನು. ತಿರುಗುವುದಿಲ್ಲ. ಹೊಸ ಮನೆ ಹಿಡಿಯುವಾಗ ಒಂದು ಸಲ ಡಬ್ಬಿಯಿಂದ ಈಚೆ ಬಂದು ಮತ್ತೆ ಕಾರು ಸೇರುತ್ತದೆ.

ಕೆಲಸ ಇವರಿಗೇ ಸಿಕ್ಕಿತು. ಅವಳ ಕೈಗೆ ಬಂದದ್ದು ಇನ್ನೊಂದು ಹಳೆಯ ಮಶೀನು, ದೊಡ್ಡ ಬ್ಲೇಡು, ಗಾರ್ಡಿಲ್ಲ. ಅರ್ಧ ಕೈಯಲ್ಲಿ ಮಶೀನು ಹಿಡಿಯಲಾಗದೆ ಗಂಡ ಗಾರೆ ಕಲಸುತ್ತಾನೆ, ಕತ್ತರಿಸುವುದೆಲ್ಲ ಇವಳದೇ.

"ಹದಿನೇಳೂವರೆ ಬೆರಳಿನ ಸಂಸಾರ ಕಣೇ ನಮ್ದು. ಹುಷಾರು" ಅನ್ನುತ್ತಾನೆ ದಿನಾ ಬೆಳಿಗ್ಗೆ.

"ಮುಚ್ಕೊಂಡು ಕಲಸು ಮಾವ" ಅನ್ನುತ್ತಾಳೆ ಅವಳು. ಅಂದರೂ ಮಶೀನು ಎತ್ತಿಕೊಳ್ಳುವ ಮೊದಲು ತನ್ನ ಹತ್ತನ್ನೂ ಒಂದು ಸಲ ಮಡಚಿ ಬಿಡಿಸಿ ನೋಡಿಕೊಳ್ಳುತ್ತಾಳೆ.

ನಾಲ್ಕನೆಯ ದಿನ ಬೆಳಿಗ್ಗೆ ಬ್ಲೇಡು ಟೈಲ್ಸಿಗೆ ಸಿಕ್ಕಿ ಎಗರಿತು. ಮೇಲೆ ಹಾಕಿಕೊಂಡಿದ್ದ ಗಂಡನ ಹಳೆಯ ಶರ್ಟಿನ ತೋಳು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿಹೋಯಿತು. ಚರ್ಮಕ್ಕೆ ತಾಗಲಿಲ್ಲ. ಅವಳು ಮಶೀನು ಹಿಡಿದುಕೊಂಡೇ ಯಜಮಾನನ ಮುಂದೆ ಹೋಗಿ ನಿಂತಳು.

"ಸಾಮಿ, ನಿಮಗೆ ತೋರಿಸಿದ ಮಶೀನೇ ಬೇರೆ. ಇದರಲ್ಲಿ ಗಾರ್ಡಿಲ್ಲ, ನೋಡಿ."

ಯಜಮಾನ ಬ್ಲೇಡು ನೋಡಿದ, ಹರಿದ ತೋಳು ನೋಡಿದ, ನೆಲದ ಮೇಲೆ ಮೂಡಿದ ಅವಳ ಧೂಳುಗಾಲಿನ ಗುರುತು ನೋಡಿದ.

"ಅಯ್ಯೋ, ಮನೆಯೊಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತಲ್ಲಮ್ಮ! ಗೇಟಿನ ಆಚೆ ಕೂತು ಕತ್ತರಿಸ್ಕೋ ಹೋಗು."

ಅವತ್ತು ಯಜಮಾನ ಗಾರ್ಡಿನ ಮಾತು ಎತ್ತಿದ್ದು ತಮ್ಮ ಬೆರಳಿಗಾಗಿ ಅಲ್ಲ ಅಂತ ಅವಳಿಗೆ ಆಗ ಗೊತ್ತಾಯಿತು. ಗೇಟಿನ ಕಂಬದ ಮೇಲಿನ ಸ್ವಿಚ್ ಬೋರ್ಡಿಗೆ ವಯರು ಸಿಕ್ಕಿಸಿ ಬೀದಿಯಲ್ಲಿ ಕೂತಳು.

ಮಧ್ಯಾಹ್ನ ಯಜಮಾನನ ಅತ್ತಿಗೆ ಬಂದರು. ಅವರ ಅಡುಗೆಮನೆಯೂ ಹಳೆಯದಾಗಿತ್ತಂತೆ. ಕಂಟ್ರಾಕ್ಟರು ಓಡಿಹೋಗಿ ಡಬ್ಬಿ ತಂದ.

"ನಮ್ಮವರೆಲ್ಲ ಇದರಲ್ಲೇ ಕೆಲಸ ಮಾಡೋದು ಅಮ್ಮ. ಇವತ್ತಿನವರೆಗೆ ಒಬ್ರಿಗೂ ಒಂದು ಗೀರಾಗಿಲ್ಲ. ಲೋ, ಬಾರೋ ಇಲ್ಲಿ! ಹೇಳು ಅಮ್ಮನಿಗೆ."

ಎರಡೂವರೆ ಗಾರೆಕೈಯನ್ನು ಹಾಗೇ ಜೇಬಿಗೆ ತುರುಕಿಕೊಂಡ. ಹೌದು ಅನ್ನಲು ಬಾಯಿ ತೆರೆದ.

"ಮಾವ, ಹೇಳಬೇಡ" ಅಂತ ಗೇಟಿನಾಚೆಯಿಂದ ಕೇಳಿಸಿತು.

ಅವಳು ಸ್ಪ್ಯಾನರು ಹಿಡಿದುಕೊಂಡು ಒಳಗೆ ಬಂದಳು. ಮೇಜಿನ ಮೇಲಿದ್ದ ಮಶೀನನ್ನು ಎತ್ತಿಕೊಂಡು ವರಾಂಡದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಏಯ್! ಇಡೇ ಅದನ್ನ!"

"ಇದು ತಿರುಗಲ್ಲ ಅಮ್ಮ. ಸತ್ತು ಎರಡು ವರ್ಷ ಆಯ್ತು" ಅಂದಳು ಬ್ಲೇಡಿನ ನಟ್ಟು ಬಿಚ್ಚುತ್ತಾ. "ನನ್ನ ಗಂಡನ ಬೆರಳು ತಿಂದೇ ಸತ್ತದ್ದು. ರಕ್ತ ಒರೆಸಿದವಳು ನಾನೇ."

ಕಂಟ್ರಾಕ್ಟರು ಕೈ ಎತ್ತಿದ. ಅತ್ತಿಗೆಯ ಮುಖ ನೋಡಿ ಇಳಿಸಿದ. ಅಷ್ಟರಲ್ಲಿ ಗಾರ್ಡು ಕಳಚಿಕೊಂಡು ಅವಳ ಮಡಿಲಿಗೆ ಬಿದ್ದಿತ್ತು. ಅವಳು ಅದನ್ನೂ ಸಣ್ಣ ಬ್ಲೇಡನ್ನೂ ತೆಗೆದುಕೊಂಡು ಬೀದಿಗೆ ಹೋಗಿ, ತನ್ನ ಮಶೀನಿಗೆ ಕೂರಿಸತೊಡಗಿದಳು. ಎರಡೂ ಒಂದೇ ಕಂಪನಿಯವು. ಸರಿಯಾಗಿ ಹಿಡಿಯಿತು.

"ಆ ಸಣ್ಣ ಬ್ಲೇಡಲ್ಲಿ ಯಾವಾಗ ಮುಗಿಸ್ತೀಯೇ ಮುಂಡೆ?" ಕಂಟ್ರಾಕ್ಟರು ಹಿಂದೆಯೇ ಬಂದು ಕೂಗಿದ.

"ಮುಗಿದಾಗ ಮುಗೀತದೆ."

"ನಿಮ್ಮ ನಿಮ್ಮ ಜಗಳ ಆಚೆ ಇಟ್ಕೊಳ್ರಿ, ಶುಕ್ರವಾರಕ್ಕೆ ನನ್ನ ಬಚ್ಚಲು ಆಗ್ಬೇಕು!" ಅಂತ ಯಜಮಾನ ವರಾಂಡದಿಂದಲೇ ಗದರಿದ. ಅತ್ತಿಗೆ ಬ್ಯಾಗು ಹೆಗಲಿಗೇರಿಸಿಕೊಂಡು, ಆ ಇನ್ನಿಬ್ಬರು ಕಂಟ್ರಾಕ್ಟರುಗಳ ನಂಬರು ಇದೆಯಾ ಅಂತ ಅವನನ್ನು ಮೆಲ್ಲಗೆ ಕೇಳಿದರು.

ಅವಳು ಮಶೀನು ಚಾಲೂ ಮಾಡಿದಳು. ಕಂಟ್ರಾಕ್ಟರು ಕಂಬದಿಂದ ಪ್ಲಗ್ಗು ಕಿತ್ತ. ಸದ್ದು ನಿಂತಿತು.

"ಎದ್ದು ನಡಿ. ಗಂಡ ಹೆಂಡ್ತಿ ಇಬ್ರೂ. ಇನ್ಮೇಲೆ ಯಾವ ಮನೆ ಬಾಗಿಲು ಹತ್ತುತ್ತೀರೋ ನಾನೂ ನೋಡ್ತೀನಿ."

ಎರಡೂವರೆ ವರಾಂಡದಿಂದ ಇಳಿದು ಬಂದ. ಜೇಬಿನಿಂದ ಕೈ ತೆಗೆದ. ಒಣಗುತ್ತಿರುವ ಗಾರೆ ಮೆತ್ತಿದ್ದ ಆ ಕೈ ಎಲ್ಲರಿಗೂ ಕಂಡಿತು. ನೇತಾಡುತ್ತಿದ್ದ ಪ್ಲಗ್ಗು ಹಿಡಿದು ಬೋರ್ಡಿಗೆ ಚುಚ್ಚಿದ. ಕಂಟ್ರಾಕ್ಟರು ಮತ್ತೆ ಕಿತ್ತ, ಅವನು ಮತ್ತೆ ಚುಚ್ಚಿದ. ಈ ಸಲ ಕೈಯನ್ನು ಅದರ ಮೇಲೇ ಒತ್ತಿಟ್ಟು ಕಂಬಕ್ಕೆ ಎದೆಕೊಟ್ಟು ನಿಂತ.

"ಕೈ ತೆಗಿಯೋ."

ಅವನು ತೆಗೆಯಲಿಲ್ಲ. ಕಂಟ್ರಾಕ್ಟರು ಕತ್ತಿನ ಪಟ್ಟಿ ಹಿಡಿದು ಜಗ್ಗಿದ. ಶರ್ಟಿನ ಗುಂಡಿಗಳು ಕಿತ್ತು ಬೀದಿಗೆ ಬಿದ್ದವು.

"ನೀನು ಕತ್ತರಿಸೇ" ಅಂದ ಎರಡೂವರೆ ಹೆಂಡತಿಗೆ.

ಅವಳು ಸ್ವಿಚ್ಚು ಒತ್ತಿ, ಮುಂದಿನ ಟೈಲ್ಸನ್ನು ಕಾಲಡಿಗೆ ಎಳೆದುಕೊಂಡಳು.